ಎಸ್ಟೇಟ್ ರೈಟರ್ ಕೆಲಸ ಬಿಟ್ಟು ಪೆನ್ಷನ್ ಫೈಲು ಹಿಡಿದದ್ದು

ಕೊಡಗಿನ ಸಿದ್ದಾಪುರದಲ್ಲಿ ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಆಫೀಸು ಇದೆ. ಪೆನ್ಷನ್ ಬಗ್ಗೆ ಸಲಹೆ ಕೊಡುವುದು, ಅದರ ಕಾಗದಪತ್ರ ಸರಿ ಮಾಡಿಸುವುದು, ಇಷ್ಟೇ ಕೆಲಸ. ಮೆಟ್ಟಿಲು ಹತ್ತಿ ಬರುವವರಲ್ಲಿ ಸುಮಾರು ಜನ ಮೊದಲು ಕೇಳುವುದು, ನೀವು ಯಾವ ಕಂಪನಿ ಏಜೆಂಟು ಅಂತ. ಯಾವ ಕಂಪನಿಯೂ ಅಲ್ಲ ಅಂದರೆ ನಂಬುವುದಿಲ್ಲ. ಹಾಗಾದ್ರೆ ಸರ್ಕಾರದವರಾ ಅನ್ನುತ್ತಾರೆ. ಅದೂ ಅಲ್ಲ. ಈಚೆಗೆ ಬಿಕಾಂ ಮುಗಿಸಿ ಬೆಂಗಳೂರಿಗೆ ಹೋಗಲೋ ಬೇಡವೋ ಅಂತ ಯೋಚನೆಯಲ್ಲಿರುವ ಹುಡುಗ ಹುಡುಗಿಯರೂ ಬರುತ್ತಿದ್ದಾರೆ. ಈ ಕೆಲಸಕ್ಕೆ ಬರುವುದು ಹೇಗೆ, ಇದರಲ್ಲಿ ಹೊಟ್ಟೆ ತುಂಬುತ್ತಾ ಅಂತ ಅವರ ಪ್ರಶ್ನೆ. ಒಬ್ಬೊಬ್ಬರಿಗೂ ಮೊದಲಿಂದ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊದಲು ಎಸ್ಟೇಟ್ ರೈಟರ್. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಕೊಡಗಿನ ಕಾಫಿ ತೋಟಗಳಲ್ಲಿ ಗುಮಾಸ್ತನನ್ನು ರೈಟರ್ ಅಂತಾರೆ. ಬೆಳಿಗ್ಗೆ ಮಸ್ಟರ್ ಅಂದರೆ ಹಾಜರಿ, ಆಮೇಲೆ ಹಾಜರಿ, ಕೂಲಿ ಬರೆದಿಡುವ ಚೆಕ್‌ರೋಲ್, ವಾರಕ್ಕೊಮ್ಮೆ ಬಟವಾಡೆ, ಕೊಯ್ಲಿನ ಸಮಯದಲ್ಲಿ ಸಂಜೆ ಕಾಫಿ ತೂಕ ಹಿಡಿಯುವುದು. ಇದರ ಜೊತೆಗೆ ಪಿಎಫ್. ಪ್ರತಿ ತಿಂಗಳು 15ರೊಳಗೆ ಹಿಂದಿನ ತಿಂಗಳ ದುಡ್ಡು ಕಟ್ಟಿ ಇಸಿಆರ್, ಅಂದರೆ ಯಾರ ಹೆಸರಿಗೆ ಎಷ್ಟು ಅನ್ನುವ ಪಟ್ಟಿ, ಆನ್‌ಲೈನಿನಲ್ಲಿ ಹಾಕಬೇಕು. ಬೇರೆ ರೈಟರುಗಳಿಗೆ ಇದು ತಲೆನೋವು. ನನಗೆ ಯಾಕೋ ಅದೇ ಇಷ್ಟದ ಕೆಲಸವಾಗಿತ್ತು. ಯಾರ ಹೆಸರಿನ ಮುಂದೆ ಎಷ್ಟು ಹೋಯಿತು, ಅದರಲ್ಲಿ ಪಿಎಫ್ ಎಷ್ಟು, ಪೆನ್ಷನ್ ಎಷ್ಟು ಅಂತ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಆಗಲೇ ಒಂದು ವಿಷಯ ಕಣ್ಣಿಗೆ ಬಿದ್ದದ್ದು. ಕಾರ್ಮಿಕರ ಪಾಲಿನ 12% ಪೂರ್ತಿ ಪಿಎಫ್‌ಗೆ ಹೋಗುತ್ತದೆ. ಮಾಲೀಕರ ಪಾಲಿನ 12%ರಲ್ಲಿ 8.33% ಪೆನ್ಷನ್ ಖಾತೆಗೆ ಹೋಗುತ್ತದೆ, ಅದೂ 15,000 ರೂಪಾಯಿ ಸಂಬಳದವರೆಗೆ ಮಾತ್ರ. ಇದು 1995ರ ನವೆಂಬರ್ 16ರಿಂದ ಇರುವ ಯೋಜನೆ, ಇಪಿಎಸ್-95 ಅಂತ ಹೆಸರು. ತೋಟದಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ. ಎಲ್ಲರ ಬಾಯಲ್ಲೂ 'ಪಿಎಫ್ ದುಡ್ಡು' ಅಷ್ಟೇ. ತೋಟ ಬಿಡುವಾಗ ಪಿಎಫ್ ತೆಗೆಯಬೇಕು, ಮಗಳ ಮದುವೆಗೋ ಟಿವಿಗೋ ಖರ್ಚು ಮಾಡಬೇಕು. ಅದರ ಜೊತೆಗೇ ಫಾರಂ 10ಸಿ ಹಾಕಿ ಪೆನ್ಷನ್ ಪಾಲನ್ನೂ ತೆಗೆದುಬಿಡುತ್ತಾರೆ. ಹೀಗೆ ಏಳು ವರ್ಷ ಅಮ್ಮತ್ತಿಯಲ್ಲಿ, ಏಳು ವರ್ಷ ಪಾಲಿಬೆಟ್ಟದಲ್ಲಿ, ಎಂಟು ವರ್ಷ ಸುಂಟಿಕೊಪ್ಪದಲ್ಲಿ ಅಂತ ದುಡಿದವರಿಗೆ ಕೊನೆಗೆ ಒಂದು ರೂಪಾಯಿ ಪೆನ್ಷನ್ ಇಲ್ಲ. ಯಾಕೆಂದರೆ ಪೆನ್ಷನ್ನಿಗೆ 10 ವರ್ಷ ಸರ್ವಿಸ್ ಬೇಕು, ಇವರದ್ದು ಪ್ರತಿ ಸಲ ಸೊನ್ನೆಯಿಂದ ಶುರು. ಅದೇ 10ಸಿಯಲ್ಲಿ ದುಡ್ಡಿನ ಬದಲು ಸರ್ವಿಸ್ ಉಳಿಸಿಕೊಡುವ ಸ್ಕೀಮ್ ಸರ್ಟಿಫಿಕೇಟ್ ಕೇಳಿದ್ದರೆ, ಅಥವಾ ಹಳೆ ಖಾತೆಯನ್ನು ಹೊಸ ಖಾತೆಗೆ ವರ್ಗ ಮಾಡಿಸಿದ್ದರೆ 22 ವರ್ಷ ಒಟ್ಟಾಗುತ್ತಿತ್ತು. 20 ವರ್ಷ ದಾಟಿದವರಿಗೆ 2 ವರ್ಷ ಹೆಚ್ಚುವರಿ ಸೇರಿಸುತ್ತಾರೆ, ಅಲ್ಲಿಗೆ 24. ಪೆನ್ಷನ್ ಲೆಕ್ಕಕ್ಕೆ ಹಿಡಿಯುವ ಸಂಬಳ 10,000 ಅಂತ ಇಟ್ಟುಕೊಳ್ಳಿ. 24ರಿಂದ ಗುಣಿಸಿ 70ರಿಂದ ಭಾಗಿಸಿ. ತಿಂಗಳಿಗೆ 3,428 ರೂಪಾಯಿ, 58ರಿಂದ ಸಾಯುವವರೆಗೆ, ಆಮೇಲೆ ಹೆಂಡತಿಗೆ ಅರ್ಧ. (2014ರ ಸೆಪ್ಟೆಂಬರ್‌ಗಿಂತ ಹಿಂದಿನ ಸರ್ವಿಸಿಗೆ ಮಿತಿ 6,500 ಇತ್ತು, ಹಾಗಾಗಿ ನಿಜವಾದ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ. ಆದರೆ ಸೊನ್ನೆಯಂತೂ ಆಗುವುದಿಲ್ಲ.)

ಇದನ್ನು ನಾನು ಚೆಕ್‌ರೋಲ್ ಮೇಲೇ ಪೆನ್ಸಿಲ್ಲಿನಲ್ಲಿ ಲೆಕ್ಕ ಹಾಕಿ ಮೇಸ್ತ್ರಿಗೆ ತೋರಿಸಿದ್ದೆ. "ರೈಟ್ರೇ, ಇದೆಲ್ಲ ಮೊದಲೇ ಯಾರೂ ಹೇಳ್ಲಿಲ್ಲ ಅಲ್ವಾ" ಅಂದ. ಹೇಳಬೇಕಾದವರು ಯಾರು ಅಂತ ನಾನೂ ಯೋಚನೆ ಮಾಡಿದೆ. ಮಾಲೀಕರಿಗೆ ಅದು ತಮ್ಮ ಕೆಲಸ ಅನಿಸುವುದಿಲ್ಲ. ಪಿಎಫ್ ಆಫೀಸಿನವರು ತೋಟದ ಕಾರ್ಮಿಕರ ಲೈನ್ ಮನೆಗೆ ಬರುವುದಿಲ್ಲ. ಯೂನಿಯನ್ನಿನವರು ಕೂಲಿ, ಬೋನಸ್ಸಿನ ಮಾತಿನಲ್ಲೇ ಮುಳುಗಿರುತ್ತಾರೆ. ನಡುವೆ ಒಂದು ಜಾಗ ಖಾಲಿ ಇತ್ತು.

2018ರ ಆಗಸ್ಟ್‌ನ ಮಳೆ ಎಲ್ಲರಿಗೂ ನೆನಪಿದೆ. ಮಕ್ಕಂದೂರು, ಕಾಲೂರು ಕಡೆ ಗುಡ್ಡ ಜಾರಿ ಮನೆಗಳೇ ಹೋದವು. ಮಡಿಕೇರಿಯ ಪರಿಹಾರ ಕೇಂದ್ರವೊಂದಕ್ಕೆ ಅಕ್ಕಿ, ಕಂಬಳಿ ಕೊಡಲು ಹೋದವನು ಅಲ್ಲಿ ಅರ್ಜಿ ಬರೆಯಲು ಕೂತೆ. ಉಟ್ಟ ಬಟ್ಟೆಯಲ್ಲಿ ಓಡಿ ಬಂದ ಮುದುಕರಿಗೆ ಮನೆಗಿಂತ ಜಾಸ್ತಿ ಚಿಂತೆ ಇದ್ದದ್ದು ಕಾಗದದ್ದು. ಪಾಸ್‌ಬುಕ್ ಹೋಯಿತು, ಪಿಪಿಒ ಹೋಯಿತು, ಇನ್ನು ಪೆನ್ಷನ್ ನಿಂತುಹೋಗುತ್ತೆ ಅಂತ ಅಳುತ್ತಿದ್ದರು. ಪಿಪಿಒ ಅಂದರೆ ಪೆನ್ಷನ್ ಮಂಜೂರಾದ ಆದೇಶ. ಅದರ ಪ್ರತಿ ಕಳೆದರೆ ಪೆನ್ಷನ್ ನಿಲ್ಲುವುದಿಲ್ಲ, ಖಾತೆಗೆ ತನ್ನ ಪಾಡಿಗೆ ಬರುತ್ತಿರುತ್ತದೆ, ನಂಬರು ಬ್ಯಾಂಕಿನಲ್ಲಿ ಸಿಗುತ್ತದೆ. ಇಷ್ಟು ಹೇಳಿದ್ದಕ್ಕೇ ಒಬ್ಬ ತಾತ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಈ ಕೆಲಸವನ್ನೇ ಮಾಡಬೇಕು ಅಂತ ಮನಸ್ಸಿಗೆ ಬಂದದ್ದು ಅಲ್ಲಿ.

ಮನಸ್ಸಿಗೆ ಬಂದರೆ ಆಯಿತಾ? ಸಂಬಳ ಯಾರು ಕೊಡುತ್ತಾರೆ? ಮುಂದೆ ತೋಟ ಕೈ ಬದಲಾಯಿತು. ಹೊಸಬರು ತಮ್ಮದೇ ಮ್ಯಾನೇಜರು, ರೈಟರು ಕರೆದುಕೊಂಡು ಬಂದರು. ನಾನು ಒಂದು ಖಾಸಗಿ ವಿಮೆ ಕಂಪನಿಯ ಬ್ರಾಂಚಿಗೆ ಸೇರಿದೆ. ಪೆನ್ಷನ್ ಪ್ಲಾನ್ ಮಾರುವ ಕೆಲಸ ಅಂತ ಹೇಳಿ ತೆಗೆದುಕೊಂಡಿದ್ದರು. 25 ಗಂಟೆಯ ತರಬೇತಿ, ವಿಮೆ ಏಜೆಂಟರ ಐಸಿ-38 ಪರೀಕ್ಷೆ, ಇದೆಲ್ಲ ಸುಲಭವಾಗಿಯೇ ಆಯಿತು.

ಕಷ್ಟ ಶುರುವಾಗಿದ್ದು ವರ್ಷದ ಗುರಿ ಮುಟ್ಟಿಸಬೇಕಾದ ಮಾರ್ಚ್ ಹತ್ತಿರ ಬಂದಾಗ. ಕೊಡಗಿನಲ್ಲಿ ಸೈನ್ಯದಿಂದ ನಿವೃತ್ತಿಯಾಗಿ ಬರುವವರು ಜಾಸ್ತಿ ಅಂತ ಬೇರೆ ಹೇಳಬೇಕಾಗಿಲ್ಲ. 15-20 ವರ್ಷ ಸರ್ವಿಸ್ ಮುಗಿಸಿ ನಲವತ್ತರ ಒಳಗೇ ಮನೆಗೆ ಬರುತ್ತಾರೆ. ಕಮ್ಯುಟೇಷನ್ (ಪೆನ್ಷನ್ನಿನ ಒಂದು ಭಾಗವನ್ನು ಮುಂಗಡ ಇಡಿಗಂಟಾಗಿ ಪಡೆಯುವುದು), ಗ್ರಾಚ್ಯುಟಿ, ಫಂಡು ಎಲ್ಲ ಒಟ್ಟಿಗೆ ಕೈಗೆ ಬರುತ್ತದೆ. ಬ್ರಾಂಚಿನಲ್ಲಿ ಇವರ ಪಟ್ಟಿಯೇ ಇತ್ತು. ಒಬ್ಬ ಹವಾಲ್ದಾರರಿಗೆ 'ಒಂದು ಸಲ ಕಟ್ಟಿದರೆ ಸಾಕು, ಆಮೇಲೆ ಪೆನ್ಷನ್' ಅಂತ ಹೇಳಿ 2 ಲಕ್ಷದ ಪಾಲಿಸಿ ಮಾಡಿಸಿದ್ದರು. ಮರುವರ್ಷ ಅವರು ನೋಟಿಸ್ ಹಿಡಿದುಕೊಂಡು ಬಂದರು. ಅದು ವರ್ಷಾ ವರ್ಷಾ 2 ಲಕ್ಷ, ಹತ್ತು ವರ್ಷ ಕಟ್ಟಬೇಕಾದ ಪಾಲಿಸಿ. ಪೆನ್ಷನ್ನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮಾಡಿಸಿದವನು ಅಷ್ಟೊತ್ತಿಗೆ ಬೇರೆ ಕಂಪನಿಗೆ ಹೋಗಿದ್ದ. ಮ್ಯಾನೇಜರು, ನೀವು ಸಹಿ ಹಾಕಿದ್ದೀರಲ್ಲ ಸಾರ್ ಅಂದರು. ಅವರು ಒಂದು ಮಾತೂ ಆಡದೆ ಫೈಲು ಮುಚ್ಚಿಕೊಂಡು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಯಾಕೆ ಹೀಗೆ ಮಾಡುತ್ತಾರೆ ಅಂತ ತಿಳಿಯಬೇಕಾದರೆ ಕಮಿಷನ್ ಲೆಕ್ಕ ನೋಡಬೇಕು. ವರ್ಷಾ ವರ್ಷಾ ಕಟ್ಟುವ ಪಾಲಿಸಿಯಲ್ಲಿ ಮೊದಲ ವರ್ಷದ ಪ್ರೀಮಿಯಂನ ದೊಡ್ಡ ತುಂಡು ಮಾರಿದವರಿಗೆ ಹೋಗುತ್ತದೆ. ನಿಜವಾದ ಪೆನ್ಷನ್ ಅಂದರೆ ಒಂದೇ ಸಲ ಕಟ್ಟಿ ಮುಂದಿನ ತಿಂಗಳಿಂದಲೇ ಶುರುವಾಗುವ ಆನ್ಯುಟಿ. ಅದರಲ್ಲಿ ಸಿಗುವುದು 2%ರ ಹತ್ತಿರ. ಎನ್‌ಪಿಎಸ್, ಅಂದರೆ ಸರ್ಕಾರದ ನ್ಯಾಷನಲ್ ಪೆನ್ಷನ್ ಸಿಸ್ಟಮ್, ಅದರಲ್ಲಿ ಇನ್ನೂ ಕಡಿಮೆ. ನಾನು ಶುರು ಮಾಡಿದ ಕಾಲಕ್ಕೆ ಕಂತು ಕಟ್ಟಿಸಿದರೆ ಪಿಒಪಿಗೆ, ಅಂದರೆ ಖಾತೆ ತೆರೆಯುವ ಅಧಿಕಾರ ಇರುವ ಸಂಸ್ಥೆಗೆ, 0.50%ವರೆಗೆ, ಕನಿಷ್ಠ 30 ರೂಪಾಯಿ. ಗಿರಾಕಿ 5,000 ಕಟ್ಟಿದರೆ ಆ 30 ರೂಪಾಯಿಯಲ್ಲಿ ನಮ್ಮಂಥವರ ಪಾಲು ಎಷ್ಟು ಅಂತ ನೀವೇ ಊಹಿಸಿ. ಪೆಟ್ರೋಲಿಗೂ ಸಾಲುವುದಿಲ್ಲ. ಒಳ್ಳೆಯದನ್ನು ಮಾರಿದರೆ ಹೊಟ್ಟೆ ತುಂಬದ, ಕೆಟ್ಟದ್ದನ್ನು ಮಾರಿದರೆ ಕಾರು ಬರುವ ಕೆಲಸ ಇದು. ಈ ಕೆಲಸಕ್ಕೆ ಬರುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು ಇದನ್ನೇ. ಕಮಿಷನ್ ನಂಬಿಕೊಂಡು ಬಂದರೆ ಎರಡೇ ವರ್ಷದಲ್ಲಿ ನೀವೂ ಆ ಹವಾಲ್ದಾರರ ಮನೆ ಬಾಗಿಲಿಗೆ ಹೋಗಿರುತ್ತೀರಿ.

ನಾನು ಅಲ್ಲಿಂದ ಬಿಟ್ಟೆ. ಮನೆಯಲ್ಲಿ ಹೆಂಡತಿಯ ಟೀಚರ್ ಸಂಬಳ ಇತ್ತು, ಅದನ್ನು ಹೇಳದೇ ಇದ್ದರೆ ಕಥೆ ಸುಳ್ಳಾಗುತ್ತದೆ. ಆ ಆಧಾರ ಇಲ್ಲದಿದ್ದರೆ ಧೈರ್ಯ ಬರುತ್ತಿರಲಿಲ್ಲ.

ಓದಿನ ವಿಷಯಕ್ಕೆ ಬರುತ್ತೇನೆ. ಪಿಎಫ್‌ಆರ್‌ಡಿಎ ಅಂತ ಪೆನ್ಷನ್ ನಿಯಂತ್ರಣದ ಸಂಸ್ಥೆ ಇದೆ. ಅದು 2016ರಲ್ಲಿ ನಿವೃತ್ತಿ ಸಲಹೆಗಾರರಿಗೆ ಅಂತಲೇ ನಿಯಮ ತಂದಿದೆ. ಅದಕ್ಕೆ ಎನ್‌ಐಎಸ್‌ಎಂ ಅನ್ನುವ ಸಂಸ್ಥೆ ನಡೆಸುವ ಸೀರೀಸ್ 17 ಪರೀಕ್ಷೆ ಇದೆ, ರಿಟೈರ್‌ಮೆಂಟ್ ಅಡ್ವೈಸರ್ ಪರೀಕ್ಷೆ. ಕಂಪ್ಯೂಟರಿನಲ್ಲಿ ಬರೆಯುವುದು. ನಾನು ಮೈಸೂರಿಗೆ ಹೋಗಿ ಬರೆದೆ. ಪುಸ್ತಕ ಇಂಗ್ಲಿಷಿನದು, ಆದರೆ ಹೆದರಬೇಕಾದ್ದಿಲ್ಲ. ಹಣದುಬ್ಬರ, ಆನ್ಯುಟಿ, ಸಾಲಪತ್ರ, ಷೇರು, ತೆರಿಗೆ, ಇವೆಲ್ಲ ಒಂದು ಸಲ ತಲೆಗೆ ಹೋದರೆ ಆಯಿತು. ನನಗೆ ಕಷ್ಟ ಆಗಿದ್ದು ಹಣದುಬ್ಬರದ ಲೆಕ್ಕ. ಅಡುಗೆ ಮನೆ ಖರ್ಚು ಈಗ 15,000 ಇದ್ದರೆ 25 ವರ್ಷದ ನಂತರ ಎಷ್ಟು ಅಂತ ಮೊದಲ ಸಲ ಕೂಡಿಸಿ ನೋಡಿದಾಗ ತಪ್ಪು ಮಾಡಿದೆನೇನೋ ಅಂತ ಮತ್ತೆ ಹಾಕಿದೆ. ತಪ್ಪಿರಲಿಲ್ಲ. 6%ರಂತೆ ಏರಿದರೆ 64,000 ದಾಟುತ್ತದೆ.

ಆದರೆ ಪರೀಕ್ಷೆಯಲ್ಲಿ ಇಲ್ಲದ ವಿಷಯವೇ ಇಲ್ಲಿ ಜಾಸ್ತಿ ಬೇಕಾಗುವುದು. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು. ನಮ್ಮ ರೈಟರುಗಳು ಹಿಂದೆ ಕಿವಿಗೆ ಕೇಳಿಸಿದ ಹಾಗೆ ಹೆಸರು ಬರೆದುಬಿಟ್ಟಿದ್ದಾರೆ, ಹುಟ್ಟಿದ ದಿನಾಂಕ ಎಲ್ಲರಿಗೂ ಜನವರಿ 1 ಅಥವಾ ಜೂನ್ 1. ಎಲ್ಲಿ ಕೆಲಸ ಮಾಡಿದರೂ ಒಬ್ಬರಿಗೆ ಒಂದೇ ನಂಬರು ಅನ್ನುವ ಯುಎಎನ್ ಬಂದಿದ್ದು 2014ರಲ್ಲಿ. ಅದಕ್ಕಿಂತ ಮೊದಲು ತೋಟಕ್ಕೊಂದು ಪಿಎಫ್ ನಂಬರು. ಒಬ್ಬರಿಗೇ ಮೂರು ನಂಬರು, ಮೂರು ಹೆಸರು. ಇವೆಲ್ಲ ಒಬ್ಬನೇ ಮನುಷ್ಯ ಅಂತ ಸಾಧಿಸಬೇಕು. ತಪ್ಪು ತಿದ್ದಲು ಜಾಯಿಂಟ್ ಡಿಕ್ಲರೇಷನ್ ಬೇಕು, ಅದಕ್ಕೆ ಹಳೆ ಮಾಲೀಕರ ಒಪ್ಪಿಗೆ ಬೇಕು. ಹಳೆ ಮಾಲೀಕರು ತೋಟ ಮಾರಿ ಎಲ್ಲೋ ಇದ್ದಾರೆ. ಕೆಲಸ ಬಿಟ್ಟ ತಾರೀಖನ್ನು ಯಾರೂ ಹಾಕಿಲ್ಲ. ಇಂಥ ಫೈಲು ಬಂದರೆ ನನಗೆ ಖುಷಿ, ಹೇಳಿದರೆ ಹುಚ್ಚು ಅಂದುಕೊಳ್ಳುತ್ತಾರೆ. ಹಳೆ ಚೆಕ್‌ರೋಲ್ ಎಲ್ಲಿರುತ್ತೆ, ಅದನ್ನು ಓದುವುದು ಹೇಗೆ ಅಂತ ನನಗೆ ಗೊತ್ತಿದೆಯಲ್ಲ. ಗೋದಾಮಿನ ಅಟ್ಟದ ಮೇಲೆ ಗೆದ್ದಲು ತಿಂದ ಕಟ್ಟಿನಲ್ಲಿ ಒಂದು ಹೆಸರು ಸಿಕ್ಕಿದರೆ ಆ ದಿನ ಸಾರ್ಥಕ.

ಒಂದು ಉದಾಹರಣೆ ಹೇಳಬೇಕು. ಲೈನ್ ಮನೆಯಲ್ಲಿರುವ ಒಬ್ಬ ಅಕ್ಕ, ಮಗನ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಬರೆಸಲು ಬಂದಿದ್ದರು. ಮಾತಿಗೆ ಕೇಳಿದೆ, ಗಂಡ ಏನು ಮಾಡ್ತಾರೆ ಅಂತ. ಒಳ್ಳೆಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತೀರಿಕೊಂಡರು ಅಂದರು, ಕೆಲವು ವರ್ಷ ಆಗಿದೆ. ಪಿಎಫ್ ಬಂತಾ? ಬಂತು. ಪೆನ್ಷನ್? "ಅವ್ರಿಗೆ ಹತ್ತು ವರ್ಷ ಆಗಿರ್ಲಿಲ್ಲ ರೈಟ್ರೇ, ನಮ್ಗೆ ಇಲ್ಲ ಅಂದ್ರು." ಹಾಗೆ ಹೇಳಿದವರು ಯಾರೋ ಅವರಿಗೆ ಪುಣ್ಯ ಬರಲಿ. ಆ 10 ವರ್ಷದ ನಿಯಮ ಬದುಕಿರುವವರಿಗೆ. ಸರ್ವಿಸಿನಲ್ಲಿರುವಾಗಲೇ ತೀರಿಕೊಂಡರೆ ಒಂದು ತಿಂಗಳ ಪೆನ್ಷನ್ ಪಾಲು ಕಟ್ಟಿದ್ದರೂ ಹೆಂಡತಿಗೆ ಪೆನ್ಷನ್ ಇದೆ. ಇಬ್ಬರು ಮಕ್ಕಳಿಗೆ 25 ವರ್ಷ ಆಗುವವರೆಗೆ ಅದರ ಕಾಲು ಭಾಗದಂತೆ ಬೇರೆ ಇದೆ. ಮೂರು ಫಾರಂ ಹಾಕಬೇಕು. ಪಿಎಫ್‌ಗೆ 20, ಪೆನ್ಷನ್‌ಗೆ 10ಡಿ, ವಿಮೆಗೆ 5ಐಎಫ್. ಇವರ ಕೈಯಲ್ಲಿ ಹೆಬ್ಬೆಟ್ಟು ಒತ್ತಿಸಿದ್ದು ಒಂದಕ್ಕೆ ಮಾತ್ರ.

ಮರಣ ಪ್ರಮಾಣಪತ್ರದಲ್ಲಿ ಗಂಡನ ಹೆಸರು ಬೇರೆ, ಪಿಎಫ್‌ನಲ್ಲಿ ಬೇರೆ. ಹಳೆ ಫಾರಂ 2, ಅಂದರೆ ನಾಮಿನಿ ಫಾರಂ, ಎಸ್ಟೇಟ್ ಫೈಲಿನಲ್ಲಿ ಸಿಕ್ಕಿತು. ಅದರಲ್ಲಿ ಗಂಡನ ಹೆಬ್ಬೆಟ್ಟು, ಪಕ್ಕದಲ್ಲಿ ಹೆಂಡತಿ ಹೆಸರು, ಸಂಬಂಧ, ವಯಸ್ಸು ಎಲ್ಲ ಇತ್ತು. ನೀಲಿ ಶಾಯಿ ಮಾಸಿ ಬೂದು ಬಣ್ಣಕ್ಕೆ ತಿರುಗಿತ್ತು, ಗೆರೆ ಮಾತ್ರ ಸ್ಪಷ್ಟ ಇತ್ತು. ಅಕ್ಕ ಅದನ್ನು ನೋಡಿ, ಇದು ಅವರದ್ದೇ ಬೆರಳು, ಉಗುರಿನ ಪಕ್ಕ ಕತ್ತಿ ತಾಗಿದ ಗಾಯ ಇತ್ತು ಅಂತ ತೋರಿಸಿದರು. ಹೌದು, ಅಚ್ಚಿನ ಒಂದು ಕಡೆ ಅಡ್ಡ ಗೆರೆ ಬಿಳಿಯಾಗಿ ಬಿಟ್ಟುಹೋಗಿತ್ತು.

ಆ ಕಾಗದ, ಗ್ರಾಮ ಪಂಚಾಯ್ತಿಯ ಪತ್ರ, ಮಾಲೀಕರ ಸಹಿ, ಎಲ್ಲ ಸೇರಿಸಿ 'ನಿಧಿ ಆಪ್ಕೆ ನಿಕಟ್' ಶಿಬಿರಕ್ಕೆ ಕರೆದುಕೊಂಡು ಹೋದೆ. 2023ರ ಜನವರಿಯಿಂದ ಪ್ರತಿ ತಿಂಗಳು 27ಕ್ಕೆ ಪಿಎಫ್‌ನವರು ಜಿಲ್ಲೆಯಲ್ಲೇ ಕೂತು ಅಹವಾಲು ಕೇಳುತ್ತಾರೆ. ಇದು ನಮ್ಮಂಥ ಗುಡ್ಡದ ಜಿಲ್ಲೆಗೆ ದೊಡ್ಡ ಉಪಕಾರ, ಹೊಗಳಲೇಬೇಕು. ಅಧಿಕಾರಿ ಮೇಜಿನ ಆಚೆ ಎದುರಿಗೇ ಇದ್ದರೆ ಅರ್ಧ ತೊಡಕು ಅಲ್ಲೇ ಬಿಡುತ್ತದೆ. ಪೆನ್ಷನ್ ಮಂಜೂರಾಯಿತು, ಗಂಡ ತೀರಿಕೊಂಡ ಮರುದಿನದಿಂದ ಲೆಕ್ಕ ಹಾಕಿ ಬಾಕಿ ಸಮೇತ ಬಂತು. ತಿಂಗಳ ಮೊತ್ತ ದೊಡ್ಡದಲ್ಲ, ಕನಿಷ್ಠ ಪೆನ್ಷನ್ 1,000 ಅಂತ 2014ರಲ್ಲಿ ಮಾಡಿದ್ದು. ಆದರೂ ಮಗ ಪಿಯುಸಿಗೆ ಸೇರಿದ.

ಫೀಸಿನ ವಿಷಯ. ನಾನು ಮೊದಲೇ ಹೇಳಿಬಿಡುತ್ತೇನೆ, ಅರ್ಜಿಗೆ ಸರ್ಕಾರಕ್ಕೆ ಒಂದು ಪೈಸೆಯೂ ಕಟ್ಟಬೇಕಾಗಿಲ್ಲ, ನಿಮಗೆ ಓದು ಬರಹ ಬಂದರೆ ನೀವೇ ಮಾಡಿಕೊಳ್ಳಬಹುದು ಅಂತ. ಮಾಡಿಸಿಕೊಳ್ಳುವುದಾದರೆ ಫೈಲಿಗೆ ಇಷ್ಟು ಅಂತ ನಿಗದಿ, ರಸೀದಿ ಕೊಡುತ್ತೇನೆ. ಬಾಕಿ ಹಣದಲ್ಲಿ ಪರ್ಸೆಂಟೇಜ್ ಕೇಳುವ ದಲ್ಲಾಳಿಗಳು ಇದ್ದಾರೆ, ಕಾಲು ಭಾಗ ಕೇಳುವವರನ್ನೂ ನೋಡಿದ್ದೇನೆ. ವಿಧವೆಯ ಬಾಕಿಯಲ್ಲಿ ಪಾಲು ತಿನ್ನುವುದು ನನ್ನ ಕೈಲಾಗುವುದಿಲ್ಲ.

ಹಾಗಾದರೆ ಬಾಡಿಗೆ ಎಲ್ಲಿಂದ ಕಟ್ಟುತ್ತೀಯಾ ಅಂತ ಕೇಳಿ. ಮಾಲೀಕರಿಂದ. ಇದು ಯಾರೂ ನನಗೆ ಹೇಳಿಕೊಟ್ಟ ದಾರಿಯಲ್ಲ, ತಾನಾಗಿ ತೆರೆದುಕೊಂಡಿದ್ದು. ಪಿಎಫ್ ತಡವಾಗಿ ಕಟ್ಟಿದರೆ ಮಾಲೀಕರು ವರ್ಷಕ್ಕೆ 12% ಬಡ್ಡಿ ಕಟ್ಟಬೇಕು, ಮೇಲಿಂದ ದಂಡ ಬೇರೆ. ಹೆಸರು ತಪ್ಪಿದ್ದರೆ ಇಸಿಆರ್ ನಿಲ್ಲುತ್ತದೆ. ಮಧ್ಯಮ ಗಾತ್ರದ ತೋಟಗಳಿಗೆ ಇದಕ್ಕಾಗಿಯೇ ಒಬ್ಬನನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಅವರ ದಾಖಲೆ ನೋಡಿಕೊಳ್ಳಲು ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ. ಅದೇ ನನ್ನ ಅನ್ನ. ರೈಟರ್ ಸಂಬಳಕ್ಕಿಂತ ಜಾಸ್ತಿ, ಬೆಂಗಳೂರಿನ ಐಟಿಯವರು ಕೇಳಿದರೆ ನಗುವಷ್ಟು. ಇಲ್ಲಿ ಒಂದು ಇಕ್ಕಟ್ಟೂ ಇದೆ. ಮಾಲೀಕರ ದುಡ್ಡು ತೆಗೆದುಕೊಂಡು ಅವರದೇ ಕಾರ್ಮಿಕರಿಗೆ ಸಲಹೆ ಕೊಡುವುದು ಹೇಗೆ? ತಿಂಗಳ ದುಡ್ಡು ಕೊಡುವ ತೋಟದ ಕಾರ್ಮಿಕರಿಂದ ನಾನು ಫೀಸು ತೆಗೆದುಕೊಳ್ಳುವುದಿಲ್ಲ. ಮಾಲೀಕರಿಗೂ ಮೊದಲೇ ಬರೆದು ಕೊಟ್ಟಿರುತ್ತೇನೆ, ಕೇಳಿದವರಿಗೆ ನಿಯಮ ಇದ್ದ ಹಾಗೆ ಹೇಳುತ್ತೇನೆ ಅಂತ. ಒಬ್ಬರು ಸಾಹುಕಾರ್ರು ಇದೇ ಕಾರಣಕ್ಕೆ ನನ್ನನ್ನು ಬಿಟ್ಟರು. ಬಿಡಲಿ.

ನವೆಂಬರ್ ಬಂದರೆ ನನ್ನ ಆಫೀಸು ಆಸ್ಪತ್ರೆಯ ಹೊರರೋಗಿ ವಿಭಾಗದ ಹಾಗೆ. ಪೆನ್ಷನ್ ಪಡೆಯುವವರು ಬದುಕಿದ್ದೇವೆ ಅಂತ ತೋರಿಸುವ ಜೀವನ ಪ್ರಮಾಣ ಪತ್ರದ ತಿಂಗಳು. 2014ರಲ್ಲಿ ಡಿಜಿಟಲ್ ಮಾಡಿದಾಗ ಬೆರಳಚ್ಚು ಒತ್ತಬೇಕಿತ್ತು. ಜೀವನಪೂರ್ತಿ ಕಾಫಿ ಕೊಯ್ದು, ಕತ್ತಿ ಹಿಡಿದ ಕೈಗಳಲ್ಲಿ ಗೆರೆ ಎಲ್ಲಿರುತ್ತದೆ? ಯಂತ್ರದ ಮೇಲೆ ಎಷ್ಟು ಒತ್ತಿದರೂ ಕೆಂಪು ದೀಪ. ಕೈ ತೊಳೆದು, ಒರೆಸಿ, ಸ್ವಲ್ಪ ವ್ಯಾಸಲೀನ್ ಹಚ್ಚಿ ಮತ್ತೆ ಒತ್ತಿಸುವುದು. 2021ರಲ್ಲಿ ಮುಖ ನೋಡಿ ಗುರುತಿಸುವ ವ್ಯವಸ್ಥೆ ಬಂದ ಮೇಲೆ ಬಚಾವಾದೆವು. ಫೋನಿನಲ್ಲೇ ಆಗುತ್ತದೆ. ಕಿಟಕಿ ಕಡೆ ಮುಖ ಮಾಡಿ ಕೂರಿಸಿ, "ಅಜ್ಜಿ, ಕಣ್ಣು ಮಿಟುಕಿಸಿ" ಅನ್ನಬೇಕು. ಅಜ್ಜಿ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತುಬಿಡುತ್ತಾರೆ. ತೆಗೀರಿ ಅಂದರೆ ಮಿಟುಕಿಸದೆ ದಿಟ್ಟಿಸುತ್ತಾರೆ. ಈಗ ನಾನೇ ಎದುರಿಗೆ ಕೂತು ಕಣ್ಣು ಪಿಳುಕಿಸುತ್ತೇನೆ, ನೋಡಿ ನಗುತ್ತಾ ಅವರೂ ಪಿಳುಕಿಸುತ್ತಾರೆ, ಫೋನು ಹಸಿರು ತೋರಿಸುತ್ತದೆ. ಇಪಿಎಸ್‌ನವರು ನವೆಂಬರಿಗೇ ಬರಬೇಕು ಅಂತಿಲ್ಲ, ವರ್ಷದಲ್ಲಿ ಯಾವಾಗ ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ಇದನ್ನು ಹೇಳಿ ಹೇಳಿ ಅರ್ಧ ಜನರನ್ನು ಏಪ್ರಿಲ್‌ಗೆ ತಳ್ಳಿದ್ದೇನೆ. ನಡೆಯಲಾಗದವರ ಮನೆಗೆ ಪೋಸ್ಟ್‌ಮ್ಯಾನ್ ಬಂದು ಮಾಡಿಕೊಡುತ್ತಾರೆ.

ಮಾಜಿ ಸೈನಿಕರ ಫೈಲು ಇನ್ನೊಂದು ಲೋಕ. ಅವರ ಪೆನ್ಷನ್ ಈಗ ಬ್ಯಾಂಕಿನಿಂದ 'ಸ್ಪರ್ಶ್' ಅನ್ನುವ ವ್ಯವಸ್ಥೆಗೆ ಬಂದಿದೆ, ಪ್ರಯಾಗ್‌ರಾಜ್‌ನಿಂದ ನಡೆಯುತ್ತದೆ. ಕೊಡವರಲ್ಲಿ ಮನೆ ಹೆಸರು ಮೊದಲು, ಆಮೇಲೆ ತಮ್ಮ ಹೆಸರು. ಮದುವೆಯಾದ ಹೆಣ್ಣುಮಕ್ಕಳಿಗೆ ಗಂಡನ ಒಕ್ಕದ, ಅಂದರೆ ಮನೆತನದ, ಹೆಸರು ಬರುತ್ತದೆ. ಸೈನ್ಯದ ದಾಖಲೆಯಲ್ಲಿ ಹೆಂಡತಿಯ ಬರೀ ಹೆಸರು, ಆಧಾರಿನಲ್ಲಿ ಗಂಡನ ಮನೆ ಹೆಸರು, ಬ್ಯಾಂಕಿನಲ್ಲಿ ತವರಿನದ್ದು. ಸುಬೇದಾರರು ಇರುವವರೆಗೆ ಇದು ಯಾರಿಗೂ ಗೊತ್ತಾಗುವುದಿಲ್ಲ. ಅವರು ಹೋದ ಮೇಲೆ ಆ ಆಂಟಿ ಕುಟುಂಬ ಪೆನ್ಷನ್ನಿಗೆ ಅರ್ಜಿ ಹಾಕಿದಾಗ, ಇವರು ಆ ಹೆಸರಿನವರೇ ಅಲ್ಲ ಅಂತ ಬರುತ್ತದೆ. ಹಾಗಾಗಿ ಆರೋಗ್ಯವಾಗಿರುವ ಸುಬೇದಾರರು ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿ ಸಿಕ್ಕರೂ ನಾನು ಕೇಳುವುದು ಒಂದೇ. "ಸಾರ್, ಪಿಪಿಒದಲ್ಲಿ ಆಂಟಿ ಹೆಸರು ಹೇಗಿದೆ?" ಮೊದಮೊದಲು ಮುಖ ಗಂಟಿಕ್ಕುತ್ತಿದ್ದರು. ನಾನಿನ್ನೂ ಸಾಯಲಿಲ್ಲ ಕಣಯ್ಯ ಅಂದವರೂ ಉಂಟು. ಈಗ ಅವರೇ ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಾರೆ. ಸೈನ್ಯದ ರೆಕಾರ್ಡ್ ಆಫೀಸಿಗೆ ಬರೆದು ಸರಿ ಮಾಡಿಸುವುದು ಅವರು ಬದುಕಿದ್ದಾಗ ಸುಲಭ.

ಸಣ್ಣ ಬೆಳೆಗಾರರ ಕಥೆಯೇ ಬೇರೆ. ಅವರಿಗೆ ಪಿಎಫ್ ಇಲ್ಲ, ಪೆನ್ಷನ್ ಇಲ್ಲ, ತೋಟವೇ ಪೆನ್ಷನ್ ಅನ್ನುತ್ತಾರೆ. 2024ರಲ್ಲಿ ರೋಬಸ್ಟಾ ಚೆರಿ 50 ಕೆಜಿ ಚೀಲಕ್ಕೆ 10,000 ದಾಟಿದಾಗ ಎಲ್ಲರ ಕೈಯಲ್ಲೂ ಸ್ವಲ್ಪ ದುಡ್ಡು ಓಡಾಡಿತು. ಜೀಪು ಬಂತು, ಮನೆಗೆ ಟೈಲ್ಸ್ ಬಂತು. ನಾನು ಎನ್‌ಪಿಎಸ್ ಅಂದರೆ, ಟ್ಯಾಕ್ಸ್ ಉಳಿಯುತ್ತಾ ಅಂತ ಕೇಳುವುದಿಲ್ಲ ಅವರು, ಸಂಸ್ಕರಿಸದೆ ಕಾಫಿ ಮಾರುವವರಿಗೆ ಆದಾಯ ತೆರಿಗೆಯೇ ಇಲ್ಲವಲ್ಲ. ಹಾಗಾಗಿ ಪಟ್ಟಣದ ಸಲಹೆಗಾರರ ಮಾಮೂಲಿ ಮಾತು ಇಲ್ಲಿ ನಡೆಯುವುದಿಲ್ಲ. ಇಲ್ಲಿ ಹೇಳಬೇಕಾದ್ದು, ವರ್ಷಕ್ಕೆ 1,000 ಕಟ್ಟಿದರೂ ಖಾತೆ ಚಾಲ್ತಿಯಲ್ಲಿರುತ್ತದೆ, ಬೆಲೆ ಬಂದ ವರ್ಷ ಜಾಸ್ತಿ ಹಾಕಿ, ಬಾರದ ವರ್ಷ ಸುಮ್ನೆ ಇರಿ ಅಂತ. ತಿಂಗಳ ಕಂತಿನ ಕಾಟ ಇಲ್ಲ ಅಂತ ಗೊತ್ತಾದಾಗ ಕಿವಿ ನೆಟ್ಟಗಾಗುತ್ತದೆ. 2009ರ ಮೇ 1ರಿಂದಲೇ ಇದು ಎಲ್ಲರಿಗೂ ತೆರೆದಿದೆ. ನಮ್ಮೂರಿಗೆ ಸುದ್ದಿ ಮುಟ್ಟಿದ್ದು ನಿಧಾನ.

ಲೈನ್ ಮನೆಯ ಹುಡುಗರಿಗೆ ಅಟಲ್ ಪೆನ್ಷನ್ ಯೋಜನೆ. 2015ರದ್ದು, 18ರಿಂದ 40 ವರ್ಷದವರಿಗೆ. 18ಕ್ಕೆ ಸೇರಿದರೆ ತಿಂಗಳಿಗೆ 210 ರೂಪಾಯಿ, 60ರಿಂದ ತಿಂಗಳಿಗೆ 5,000. 40ಕ್ಕೆ ಸೇರಿದರೆ ಅದೇ 5,000ಕ್ಕೆ ತಿಂಗಳಿಗೆ 1,454 ಕಟ್ಟಬೇಕು. ಬ್ಯಾಂಕಿನವರು ಗುರಿ ಮುಟ್ಟಲು ಶಿಬಿರ ಮಾಡಿ ಎಲ್ಲರಿಗೂ ತಿಂಗಳ ಕಂತು ಹಾಕಿಬಿಡುತ್ತಾರೆ. ಜೂನ್, ಜುಲೈ ಮಳೆಯಲ್ಲಿ ಕೆಲಸ ಕಡಿಮೆ, ಖಾತೆಯಲ್ಲಿ ಕಾಸಿಲ್ಲ, ಕಂತು ತಪ್ಪುತ್ತದೆ, ದಂಡ ಬೀಳುತ್ತದೆ, ಬೇಜಾರಾಗಿ ಮುಚ್ಚಿಸುತ್ತಾರೆ. ಇದಕ್ಕೆ ಆರು ತಿಂಗಳ ಕಂತಿನ ಆಯ್ಕೆ ಇದೆ, 210ರ ಬದಲು ಆರು ತಿಂಗಳಿಗೆ 1,239. ಕೊಯ್ಲಿನ ದುಡ್ಡು ಇರುವಾಗಲೇ ಎರಡು ಕಂತಿನದ್ದೂ ಖಾತೆಗೆ ಹಾಕಿಸಿಡುತ್ತೇನೆ. ಈ 5,000ಕ್ಕೆ 42 ವರ್ಷ ಆದ ಮೇಲೆ ಏನು ಬೆಲೆ ಇರುತ್ತದೆ ಅಂತ ಯಾರಾದರೂ ಕೇಳಿದರೆ, ತುಂಬಾ ಕಡಿಮೆ ಅಂತ ನೇರವಾಗಿಯೇ ಹೇಳುತ್ತೇನೆ. ಇದೊಂದೇ ಸಾಲುವುದಿಲ್ಲ, ಪಿಎಫ್ ತೆಗೆಯಬೇಡಿ ಅನ್ನುವುದನ್ನು ಜೊತೆಗೇ ಸೇರಿಸುತ್ತೇನೆ. ಯಾವುದೂ ಇಲ್ಲದೆ 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಇದೆ, ನಾಡಕಚೇರಿಯಲ್ಲಿ ಅರ್ಜಿ, ತಿಂಗಳಿಗೆ 1,200.

ಬೇಸರದ ದಿನಗಳೂ ಇವೆ. ಮಳೆಗಾಲದಲ್ಲಿ ಕರೆಂಟು ಮೂರು ದಿನ ಇರುವುದಿಲ್ಲ, ನೆಟ್‌ವರ್ಕ್ ಅಂತೂ ಕೇಳಲೇಬೇಡಿ. ಓಟಿಪಿ ಬರಲಿ ಅಂತ ಗಿರಾಕಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಗುಡ್ಡದ ಮೇಲಿನ ತಿರುವಿಗೆ ಹೋಗಿ ನಿಂತಿದ್ದೇನೆ. ಕಾರಣ ಹೇಳದೆ ಅರ್ಜಿ ತಿರಸ್ಕಾರ ಆಗುತ್ತದೆ. ನಿಯಮಗಳೂ ಬದಲಾಗುತ್ತಲೇ ಇರುತ್ತವೆ, ಸುತ್ತೋಲೆ ಓದುವ ಅಭ್ಯಾಸ ಇಲ್ಲದವರು ಈ ಕಡೆ ತಲೆ ಹಾಕಬೇಡಿ. ಹೆಂಡತಿಗೆ ಎನ್‌ಪಿಎಸ್, 2006ರ ಏಪ್ರಿಲ್ ನಂತರ ಕೆಲಸಕ್ಕೆ ಸೇರಿದ ರಾಜ್ಯ ಸರ್ಕಾರಿ ನೌಕರರಲ್ಲಿ ಹೆಚ್ಚಿನವರ ಹಾಗೆ. ಹಳೆ ಪೆನ್ಷನ್ ಯಾವಾಗ ಬರುತ್ತೆ ಅಂತ ಅವಳ ಶಾಲೆಯ ಟೀಚರುಗಳೆಲ್ಲ ನನ್ನನ್ನೇ ಕೇಳುತ್ತಾರೆ, ನಾನೇನೋ ವಿಧಾನಸೌಧದಲ್ಲಿ ಕೂತವನ ಹಾಗೆ.

ಈಗ ಒಬ್ಬಳು ಹುಡುಗಿ ಜೊತೆಗೆ ಸೇರಿದ್ದಾಳೆ. ಲೈನ್ ಮನೆಯಲ್ಲೇ ಬೆಳೆದವಳು, ಯರವ ಭಾಷೆ ಬರುತ್ತದೆ, ವಿರಾಜಪೇಟೆಯಲ್ಲಿ ಬಿಕಾಂ ಮಾಡಿದ್ದಾಳೆ. ನಾನು ಅರ್ಧ ಗಂಟೆ ವಿವರಿಸಿದರೂ ತಲೆಯಾಡಿಸಿ ಸುಮ್ಮನೆ ಕೂರುವ ಅಜ್ಜಂದಿರು ಅವಳ ಹತ್ತಿರ ಪ್ರಶ್ನೆ ಕೇಳುತ್ತಾರೆ. ಸೀರೀಸ್ 17ಕ್ಕೆ ಓದುತ್ತಿದ್ದಾಳೆ. ಅವಳಿಗೂ ನಾನು ಮೊದಲು ಕಲಿಸಿದ್ದು ಪರೀಕ್ಷೆಯ ಪಾಠ ಅಲ್ಲ, ಚೆಕ್‌ರೋಲ್ ಓದುವುದನ್ನು. ಈ ಕೆಲಸಕ್ಕೆ ಬರಬೇಕು ಅಂತ ಇರುವವರು ಬಂದು ಒಂದು ವಾರ ನಮ್ಮ ಜೊತೆ ಕೂತು ನೋಡಬಹುದು. ಭಾನುವಾರ ಸಂತೆ ದಿನ ಜನ ಜಾಸ್ತಿ, ಆವತ್ತು ಬಂದರೆ ಎಲ್ಲ ತರದ ಫೈಲೂ ಸಿಗುತ್ತದೆ. ತಿಂಗಳ 27ಕ್ಕೆ ಮಾತ್ರ ಬರಬೇಡಿ, ಆಫೀಸು ಮುಚ್ಚಿರುತ್ತದೆ, ಇಬ್ಬರೂ ಶಿಬಿರದಲ್ಲಿರುತ್ತೇವೆ.